ಅಂಬಿಗ ಮುಂದೆ, ಚಾದರ ಹಿಂದೆ

ನಿಂತ ಜಾಗ

ನಾನು ನಿಂತಿದ್ದದ್ದು ಕಾಗಿಣಾ ನದಿಯ ದಕ್ಷಿಣ ದಂಡೆಯಲ್ಲಿ, ಬೇವಿನ ಮರದ ಕೆಳಗಿನ ಹಾಸುಬಂಡೆಯ ಮೇಲೆ. ಜನವರಿಯ ಕೊನೆಯ ಗುರುವಾರ, ಬೆಳಗಿನ ಬಿಸಿಲು ಇನ್ನೂ ಹಿತವಾಗಿದ್ದ ಹೊತ್ತು. ಮುಖ ಉತ್ತರಕ್ಕಿತ್ತು, ಸೂರ್ಯ ಬಲಗಡೆಗಿದ್ದ. ಬೆಳಕು ಕಣ್ಣಿಗೆ ಹೊಡೆಯುತ್ತಿರಲಿಲ್ಲ. ಇಷ್ಟು ಕರಾರುವಾಕ್ಕಾಗಿ ಬರೆಯಲು ಕಾರಣವಿದೆ. ಆಮೇಲೆ ನನ್ನನ್ನು ವಿಚಾರಿಸಿದವರು ಏನು ಕಂಡೆ ಎಂದು ಮೊದಲು ಕೇಳಲಿಲ್ಲ. ಎಲ್ಲಿ ನಿಂತಿದ್ದೆ, ಬಿಸಿಲು ಯಾವ ಕಡೆಗಿತ್ತು, ಕನ್ನಡಕ ಹಾಕಿದ್ದೆನೇ ಎಂದು ಕೇಳಿದರು. ಹಾಕಿದ್ದೆ.

ಅಲ್ಲಿಂದ ನಾನು ಕಂಡದ್ದು ಅಂಬಿಗರ ಭೀಮಣ್ಣ ಮೊಣಕಾಲುದ್ದದ ನೀರಿನಲ್ಲಿ ನಡೆದು ಹೋಗುತ್ತಾ ಮುಳುಗಿದ್ದನ್ನು. ಅವರು ದಾರಿ ತಪ್ಪಿದರೇ, ಇಲ್ಲವೇ ಎಂಬುದು ಪ್ರಶ್ನೆ. ಮನುಷ್ಯನೇ ಹೋದ ಮೇಲೆ ಇದೆಂಥ ಪ್ರಶ್ನೆ ಎಂದು ನಿಮಗೆ ಅನ್ನಿಸಬಹುದು. ನನಗೂ ಮೊದಲು ಹಾಗೇ ಅನ್ನಿಸಿತ್ತು. ಆದರೆ ತಲೆಮಾರುಗಳಿಂದ ಊರನ್ನು ಹೊಳೆ ದಾಟಿಸಿದ ಮನೆತನದ ಹೆಂಗಸಿಗೆ, ನಿನ್ನ ಗಂಡ ಹೊಳೆಯಲ್ಲಿ ದಾರಿ ತಪ್ಪಿದ ಎಂದು ಊರು ಹೇಳಿದರೆ, ಅದು ಭೀಮಣ್ಣನವರನ್ನು ಎರಡನೆಯ ಸಲ ಮುಳುಗಿಸಿದ ಹಾಗೆ. ಆ ಹೆಂಗಸು ಶರಣಮ್ಮ. ಈ ಬರಹ ಅವರಿಗೆ ಕೊಟ್ಟ ಮಾತು.

ಪ್ರವಾಸ ಕಥನವನ್ನು ಸಾವಿನಿಂದ ಶುರು ಮಾಡುವುದು ಸರಿಯಲ್ಲ. ರೈಲಿನಿಂದ ಶುರು ಮಾಡುತ್ತೇನೆ.

ವಾಡಿ

ನಾನು ಹುಟ್ಟಿದ್ದು ಕುಂದಾಪುರದಲ್ಲಿ. ಮಸ್ಕತ್ತಿಗೆ ಜಮೀನಿನ ಅಳತೆಯ ಕೆಲಸಕ್ಕೆ ಹೋಗಿ ಅಲ್ಲೇ ಉಳಿದೆ. ಎರಡೂ ಕಡೆ ಸಮುದ್ರ. ಹುಬ್ಬಳ್ಳಿಯ ಆಚೆಗಿನ ಕರ್ನಾಟಕ ನನಗೆ ನಕ್ಷೆಯಲ್ಲಿ ಮಾತ್ರ ಪರಿಚಯ. ಪಾಸ್‌ಪೋರ್ಟಿನ ಪ್ರಕಾರ ನಾನು ಪರದೇಶದಿಂದ ಸ್ವದೇಶಕ್ಕೆ ಬಂದೆ. ಖರೆ ಹೇಳಬೇಕೆಂದರೆ ಇದು ನನ್ನ ಮೊದಲ ವಿದೇಶ ಪ್ರವಾಸ.

ಕಳಿಸಿದವನು ಇಸ್ಮಾಯಿಲ್. ಮಸ್ಕತ್ತಿನಲ್ಲಿ ನನ್ನ ಕೋಣೆಯ ಜೊತೆಗಾರ, ಸೇಡಂ ಕಡೆಯ ಹಳ್ಳಿಯವನು. ಊರಿನಲ್ಲಿ ಅವನ ಹೊಸ ಮನೆ ಏಳುತ್ತಿತ್ತು. ಗೋಡೆ ಮುಗಿದು ಸ್ಲ್ಯಾಬ್ ಹಾಕುವುದಿತ್ತು. ಅವನಿಗೆ ರಜೆ ಸಿಗಲಿಲ್ಲ, ನನಗೆ ಸಿಕ್ಕಿತು.

"ಅಣ್ಣಾ, ನೀವು ಅಳತಿ ಮಂದಿ. ಒಮ್ಮಿ ಹೋಗಿ ನೋಡಿ ಬರ್ರಿ" ಅಂದ. "ವಿಡಿಯೋ ಕಾಲ್ ನೀವೇ ಮಾಡ್ರಿ. ಅಬ್ಬಾ ಫೋನ್ ಹಿಡಿದ್ರ ಮನಿ ಕಾಣಂಗಿಲ್ಲ, ಬರೇ ಅವರ ಕಿವಿ ಕಾಣ್ತದ."

ಹೈದರಾಬಾದಿನಿಂದ ಹೊರಟ ಮಧ್ಯಾಹ್ನದ ರೈಲಿನಲ್ಲಿ ಎದುರು ಸೀಟಿನ ಅಕ್ಕನೊಬ್ಬರು, ಸೇಡಂ ಬಂದಾಗ ಎಬ್ಬಿಸ್ತೀನಿ, ನೀವು ನಿಶ್ಚಿಂತಿ ಮಲಗ್ರಿ ಎಂದರು. ಮಲಗಿದೆ. ಕಣ್ಣು ಬಿಟ್ಟಾಗ ವಾಡಿ ಜಂಕ್ಷನ್. ಸೇಡಂ ಹಿಂದೆ ಹೋಗಿತ್ತು, ಚಿತ್ತಾಪುರವೂ ಹೋಗಿತ್ತು. ಅಕ್ಕ ಇರಲಿಲ್ಲ.

"ಅಕ್ಕಾರು ಸೇಡಂನಾಗೇ ಇಳದ್ರು" ಎಂದ ಪಕ್ಕದವನು. "ನಿಮ್ಮನ್ನ ಎಬ್ಬಿಸ್ಲಾಕ ಬಗ್ಗಿದ್ರು. ಆಮ್ಯಾಲ, ಪಾಪ, ಭಾಳ ಚಂದ ಮಲಗ್ಯಾನ, ಇರಲಿ ಬಿಡು ಅಂದ್ರು."

ಮಸ್ಕತ್ತಿನಲ್ಲಿ ಯಾರೂ ಎಬ್ಬಿಸುವ ಮಾತು ಕೊಡುವುದಿಲ್ಲ. ಕುಂದಾಪುರದಲ್ಲಿ ಕೊಟ್ಟರೆ, ನಿಮ್ಮ ಸ್ಟೇಷನ್ನಿಗೆ ಒಂದು ಗಂಟೆ ಇರುವಾಗಲೇ ಎಬ್ಬಿಸಿ ಕೂರಿಸುತ್ತಾರೆ. ಮಾತು ಕೊಟ್ಟು, ಕರುಣೆಯಿಂದ ಅದನ್ನು ಮುರಿಯುವ ಜನ ನನಗೆ ಹೊಸಬರು.

ಸ್ಟೇಷನ್ನಿನ ಹೊರಗೆ ಛಾ ಅಂಗಡಿಯವನು ಟೇಬಲ್ ಒರೆಸಿದ. ಬಟ್ಟೆ ಎತ್ತುವಷ್ಟರಲ್ಲಿ ಬೂದು ಧೂಳು ಮತ್ತೆ ಕೂತಿತು. ಬೇವಿನ ಎಲೆಯೂ ಬೂದು, ನಾಯಿಯೂ ಬೂದು.

"ಧೂಳಲ್ರಿ ಅದು, ಸಿಮೆಂಟ್ ಫ್ಯಾಕ್ಟರಿ ಮಾಲು" ಎಂದ. "ದೇಶದ ಮಂದಿ ಎಲ್ಲಾ ಮನಿ ಕಟ್ಟಲಾಕತ್ತಾರ. ಅದರ ಹಿಟ್ಟು ನಮ್ಮ ಛಾದಾಗ ಬೀಳ್ತದ. ಸಕ್ರಿ ಜರಾ ಹೆಚ್ಚಿಗಿ ಹಾಕ್ತೀನಿ, ತಿಳಿಯಂಗಿಲ್ಲ."

ಸಿಮೆಂಟು ಇಲ್ಲಿಯದು, ಸರಿ. ಅದಕ್ಕೆ ಬೆರೆಸುವ ಮರಳು ಎಲ್ಲಿಂದ ಬರುತ್ತದೆ ಎಂದು ಕೇಳಿದೆ. ಅವನು ಎರಡೂ ಕಡೆ ನೋಡಿದ.

"ಉಸುಕಾ? ಇಲ್ಲಿಂದಲ್ರಿ. ಅದು ಶಹಾಬಾದ್ ಕಡಿಂದ ಬರ್ತದ."

ಶಹಾಬಾದ್

ವಾಡಿಯಿಂದ ನನ್ನನ್ನು ಕರೆದೊಯ್ದವರು ಇಸ್ಮಾಯಿಲನ ಸೋದರಮಾವ ಮೆಹಬೂಬ್. ಶಹಾಬಾದಿನಲ್ಲಿ ಹಾಸುಗಲ್ಲಿನ ವ್ಯಾಪಾರ. ಅವರ ಮನೆಗೆ ಹೋದರೆ ನೆಲ ಕಲ್ಲು, ಗೋಡೆ ಕಲ್ಲು, ತಲೆಯ ಮೇಲೆ ಕಲ್ಲಿನ ಹಾಸು, ಊಟ ಮಾಡುವಾಗ ಒರಗಿದ್ದೂ ಕಲ್ಲು. ರಾತ್ರಿ ಅಲ್ಲೇ ಉಳಿದೆ; ಮರುದಿನ ಹೊರಗೆ ಬಿಸಿಲು ಚುರುಗುಟ್ಟುತ್ತಿದ್ದರೂ ಒಳಗೆ ಹೂಜಿಯ ತಂಪು. ಮಸ್ಕತ್ತಿನಲ್ಲಿ ಈ ತಂಪಿಗೆ ಹಗಲು ರಾತ್ರಿ ಯಂತ್ರ ಗುರುಗುಟ್ಟಬೇಕು.

"ಈ ಮನಿ ಕಟ್ಟಲಾಕ ಉಸುಕು ಎಷ್ಟು ಹತ್ತಿತು ಅಂತ ಕೇಳ್ರಿ" ಎಂದರು ಮೆಹಬೂಬ್.

ಕೇಳಿದೆ.

"ಒಂದು ಮುಷ್ಟಿನೂ ಇಲ್ಲ. ಕಲ್ಲು, ಮ್ಯಾಲ ಮಣ್ಣು, ಆತು. ನಮ್ಮಪ್ಪ ಹಂಗೇ ಕಟ್ಟಿದ. ಈಗ ನಮ್ಮ ಇಸ್ಮಾಯಿಲಗ ಸ್ಲ್ಯಾಬೇ ಬೇಕಂತ. ಯಾಕಪಾ ಅಂದ್ರ, ಮಾಮಾ, ಹುಡುಗಿ ಕೊಡೋರು ಮದಲ ಮ್ಯಾಲ ನೋಡ್ತಾರ ಅಂತಾನ. ನಾ ಕಲ್ಲು ಪುಕ್ಕಟ ಕೊಡ್ತೀನಂದ್ರೂ ಬ್ಯಾಡಂದ."

ಕ್ರಷರಿನಲ್ಲಿ ಕಲ್ಲು ಪುಡಿ ಮಾಡಿ ತೆಗೆದ ಎಂ-ಸ್ಯಾಂಡ್ ಸಿಗುವುದಿಲ್ಲವೇ ಎಂದೆ. ಸಿಗುತ್ತದಂತೆ. ಆದರೆ ಅದನ್ನು ಯಾರೂ ತಮ್ಮ ಮನೆಗೆ ಹಾಕುವುದಿಲ್ಲ, ಪಕ್ಕದವರಿಗೆ ಹಾಕಲು ಹೇಳುತ್ತಾರೆ. ಮನೆ ಕಟ್ಟುವ ಗೌಂಡಿಗಳು ಅದನ್ನು ಕಲ್ಲಿನ ಹಿಟ್ಟು ಎಂದು ಮೂಗು ಮುರಿಯುತ್ತಾರೆ. ನದಿಯದ್ದಾದರೆ ಖರೇ ಉಸುಕು.

ಆಮೇಲೆ ಮೆಹಬೂಬ್ ನನ್ನ ಕಡೆ ತಿರುಗಿದರು. "ಅಲ್ರೀ, ನೀವು ಇರೋ ದೇಶದಾಗ ಕಣ್ಣು ಹಾಯೋತನಕ ಉಸುಕು. ಅದನ್ನ ಬಿಟ್ಟು ನಮ್ಮ ನದಿಗಿ ಯಾಕ ಗಂಟು ಬಿದ್ದೀರಿ?"

ಮರುಭೂಮಿಯ ಮರಳು ಗಾಳಿಯಲ್ಲಿ ಉರುಳಿ ಉರುಳಿ ಸಾಸಿವೆಯಂತೆ ನುಣ್ಣಗಾಗಿರುತ್ತದೆ, ಸಿಮೆಂಟನ್ನು ಹಿಡಿಯುವುದಿಲ್ಲ, ಕಟ್ಟಡಕ್ಕೆ ಮೂಲೆ ಮೊನೆ ಉಳಿದಿರುವ ನದಿಯ ಮರಳೇ ಬೇಕು, ಅಲ್ಲಿಯೂ ಹೊರಗಿನಿಂದ ತರಿಸುವವರಿದ್ದಾರೆ ಎಂದು ವಿವರಿಸಿದೆ. ಅವರು ಪೂರ್ತಿ ಕೇಳಿ, ಬಾಯಿಯ ಅಡಕೆ ಬದಲಿಸಿದರು.

"ಹಂಗಾರ ಉಸುಕಿನಾಗ ದುಡೀಲಾಕ ಅಲ್ಲಿಗಿ ಹೋಗ್ತೀರಿ. ದುಡಿದದ್ದು ಹಾಕಿ ಇಲ್ಲಿ ಉಸುಕು ಅಗಸ್ತೀರಿ. ಶಾಣ್ಯಾ ಇದ್ದೀರಿ."

ಮನೆಯ ಮರಳು ಎಲ್ಲಿಂದ ಬಂದಿದೆ ಎಂದು ಕೇಳಿದೆ. ಶಹಾಬಾದಿನಿಂದ ಅಲ್ಲವಂತೆ. ಚಿತ್ತಾಪುರದ ಕಡೆಯಿಂದಂತೆ.

ಚಿತ್ತಾಪುರ

ಚಿತ್ತಾಪುರದಲ್ಲಿ ಮುಂದಿನ ಬಸ್ಸಿಗೆ ಕಾಯಬೇಕಾಯಿತು. ರಸ್ತೆಯ ಪಕ್ಕದ ಸರ್ಕಾರಿ ಖಾಲಿ ಜಾಗವೊಂದರಲ್ಲಿ ಕಳ್ಳ ಮರಳು ಸಾಗಿಸಿ ಜಪ್ತಿಯಾದ ಟ್ರ್ಯಾಕ್ಟರುಗಳು ಸಾಲಾಗಿ ನಿಂತಿದ್ದವು. ಟ್ರಾಲಿಗಳಲ್ಲಿ ಮರಳು ಇನ್ನೂ ಇತ್ತು. ಒಂದರಲ್ಲಿ ಔಡಲ ಗಿಡ ಎದೆಯೆತ್ತರ ಬೆಳೆದು ಗೊನೆ ಬಿಟ್ಟಿತ್ತು.

ಪಕ್ಕದಲ್ಲೇ ಒಬ್ಬಾಕೆ ಬಾಣಲೆಯಲ್ಲಿ ಶೇಂಗಾ ಹುರಿಯುತ್ತಿದ್ದಳು. ಶೇಂಗಾ ಹುರಿಯಲು ಕಾದ ಮರಳು ಬೇಕು. ನಾನು ನೋಡುತ್ತಿದ್ದಂತೆ ಆಕೆ ಎದ್ದು, ತಂತಿ ಬೇಲಿ ದಾಟಿ, ಟ್ರಾಲಿಯಿಂದ ಒಂದು ಬೊಗಸೆ ತಂದು ಬಾಣಲೆಗೆ ಸುರಿದಳು.

"ಹೀಗೆ ತೆಗೆದರೆ ಯಾರೂ ಕೇಳುವುದಿಲ್ಲವೇ?" ಎಂದೆ.

"ಯಾರು ಕೇಳ್ತಾರ? ಕೇಳೋರೂ ನನ್ನ ಹಂತೇಕೇ ಶೇಂಗಾ ತಿಂತಾರ." ಬಾಣಲೆಯಲ್ಲಿ ಕೈಯಾಡಿಸುತ್ತಾ ನನ್ನ ಮುಖ ನೋಡಿದಳು. "ನಿಮ್ಮ ಮಾತು ಭಾಳ ಪುಸ್ತಕದಾಂಗ ಅದ. ಯಾವ ಊರು?"

"ಕುಂದಾಪುರ."

"ದೂರದಿಂದ ಬಂದೀರಿ, ತಿನ್ರಿ. ಇದು ಸರ್ಕಾರಿ ಉಸುಕು, ಛಲೋ ಕಾಯ್ತದ. ಸಾಲು ಹಂಗೇ ಇರ್ತದ ನೋಡ್ರಿ. ಒಂದು ಗಾಡಿ ಬಿಡಸ್ಕೊಂಡು ಹೋದ್ರ ಮತ್ತೊಂದು ಬಂದು ನಿಲ್ತದ."

ಶೇಂಗಾ ಹದವಾಗಿ ಹುರಿದಿತ್ತು. ಹಲ್ಲಿಗೆ ಒಂದು ಕಣ ಸಿಕ್ಕಿತು. ಈ ಮರಳು ಎಲ್ಲಿಯದು ಎಂದು ಕೇಳಲು ಹೋಗಲಿಲ್ಲ. ಆಕೆಯೇ ಹೇಳಿದಳು. ಸೇಡಂ ಕಡೆಯದಂತೆ.

ಹೊಳೆಯ ಊರು

ಊರಿನ ಹೆಸರು ಬರೆಯುವುದಿಲ್ಲ. ಬರೆದರೆ, ಅದೊಂದು ಊರಿನ ಕಥೆ, ನಮ್ಮದು ಹಾಗಿಲ್ಲ ಎಂದು ಉಳಿದ ಊರುಗಳು ಸಮಾಧಾನ ಮಾಡಿಕೊಳ್ಳುತ್ತವೆ. ಚಿತ್ತಾಪುರಕ್ಕೂ ಸೇಡಂಗೂ ನಡುವೆ ಕಾಗಿಣಾ ದಂಡೆಯ ಮೇಲಿದೆ, ಅಷ್ಟು ಸಾಕು.

ಊರಿಗೆ ಮುಂಚೆ ಒಂದು ಸೇತುವೆ, ಇಲ್ಲಿಯವರ ಮಾತಿನಲ್ಲಿ ಪೂಲು. ಅದರ ಕಾಲುಗಳ ಬುಡದಲ್ಲಿ ಮರಳು ಹೋಗಿ ತಳಪಾಯ ಹೊರಗೆ ಬಿದ್ದಿತ್ತು. ಸೀರೆ ಎತ್ತಿ ಹಿಡಿದು ನಿಂತವರ ಹಾಗೆ ಕಾಣುತ್ತಿತ್ತು. ಭಾರಿ ವಾಹನಗಳಿಗೆ ಪ್ರವೇಶವಿಲ್ಲ ಎಂಬ ಫಲಕವಿತ್ತು. ಬಸ್ಸು ಈಚೆಗೇ ನಿಂತಿತು, ನಾವು ಇಳಿದು ನಡೆದೆವು. ನಮ್ಮನ್ನು ದಾಟಿ ಹೋದದ್ದು ಮರಳಿನ ಟ್ರ್ಯಾಕ್ಟರ್ ಒಂದೇ. ದಂಡೆಯ ಹೊಲವೊಂದರ ಅಂಚು ಕುಸಿದು, ಕೊಯ್ಯದೆ ಉಳಿದ ತೊಗರಿ ಗಿಡಗಳು ಬೇರು ತೋರಿಸುತ್ತಾ ನದಿಯ ಕಡೆ ಬಾಗಿದ್ದವು.

ಇಸ್ಮಾಯಿಲನ ತಂದೆ ಹುಸೇನ್ ಸಾಬ್ ಎದುರಿಗೆ ಬಂದು ಕೈ ಹಿಡಿದರು. "ಬರ್ರಿ, ಕುಂದ್ರಿ. ನಿನ್ನಿನೇ ಬರೋರಿದ್ರಿ, ವಾಡಿ ನೋಡಿ ಬಂದ್ರೇನು?" ಸುದ್ದಿ ನನಗಿಂತ ಮೊದಲೇ ಬಂದಿತ್ತು.

ತೊಗರಿ ರಾಶಿ ಮುಗಿದ ಕಾಲ. ಎಲ್ಲರ ಅಂಗಳದಲ್ಲೂ ತೊಗರಿ ಕಟ್ಟಿಗೆಯ ಬಣವೆ. ಹುಸೇನ್ ಸಾಬರ ಬಣವೆ ಮಾತ್ರ ಬುಡದಲ್ಲಿ ಹಳದಿಯಾಗಿ ಸೋರುತ್ತಿತ್ತು. ಕಟ್ಟಿಗೆ ಮೇಲೆ, ಮರಳು ಕೆಳಗೆ. ಸುತ್ತ ಕಣ್ಣಾಡಿಸಿದೆ. ಹೊಸ ಗೋಡೆ ಎದ್ದ ಮನೆಗಳಲ್ಲೆಲ್ಲ ಬಣವೆ ಸ್ವಲ್ಪ ಹಾಗೇ ಇತ್ತು.

"ಮ್ಯಾಲಿನಿಂದ ತಂದೀವಂತ ಟ್ರ್ಯಾಕ್ಟರಿನವರು ಹೇಳ್ಯಾರ" ಎಂದರು ಹುಸೇನ್ ಸಾಬ್, ನಾನು ಕೇಳುವ ಮೊದಲೇ. "ಚಿಂಚೋಳಿ ಕಡಿಂದ."

ಆ ಸಂಜೆ ಭೀಮಣ್ಣ ಬಂದರು, ಹಿಂದೆಯೇ ಶರಣಮ್ಮ. ಭೀಮಣ್ಣ ಒಣಗಿದ ಮೈಯ, ಉದ್ದ ಕಾಲಿನ ಮುದುಕ. ಪೂಲು ಆಗುವ ಮೊದಲು ಅವರ ತಂದೆ ಹರಗೋಲು ಹಾಕುತ್ತಿದ್ದರಂತೆ. ಪೂಲು ಬಂದ ಮೇಲೆ ಇವರು ಸಿಮೆಂಟ್ ಚೀಲ ಹೊರುವ ಕೆಲಸಕ್ಕೆ ಹೋಗಿ, ಸೊಂಟ ಹಿಡಿದ ಮೇಲೆ ಮನೆಯಲ್ಲಿದ್ದರು. ಬಂದವರೇ ಕಟ್ಟಿಗೆ ಸರಿಸಿ ಮರಳಿನ ಮೇಲೆ ಕೂತರು.

"ಲೇ ಹುಸೇನಾ, ನನ್ನ ಹೊಳಿ ನಿನ್ನ ಅಂಗಳಕ್ಕ ಬಂದದಲ್ಲೋ. ನಾಳಿಂದ ಹರಗೋಲು ಇಲ್ಲೇ ಹಾಕ್ತೀನಿ."

"ಹಾಕಪಾ. ಮದಲ ನನ್ನ ಕೋಳಿ ದಾಟಸು."

"ಕೋಳಿ ಹಂತೇಕ ಬಾಡಿಗಿ ಏನು ತಗೊಳ್ಳಲಿ? ನಿನ್ನಂಗ ಅವೂ ಉದ್ರಿ."

ಇಬ್ಬರೂ ಕೆಮ್ಮು ಬರುವ ತನಕ ನಕ್ಕರು.

ಮರುದಿನದ ಕೆಲಸ ಏನೆಂದು ಆಗ ತಿಳಿಯಿತು. ನದಿಯ ಆಚೆ ದಂಡೆಯ ದಿಬ್ಬದ ಮೇಲೆ ಒಂದು ಸಣ್ಣ ದರ್ಗಾ. ಈ ಊರಿನಲ್ಲಿ ಯಾರೇ ಮನೆಯ ಮೇಲ್ಛಾವಣಿ ಹಾಕುವ ಮೊದಲು ಅಲ್ಲಿಗೆ ಒಂದು ಚಾದರ ಹೋಗಬೇಕು, ಹಿಂದೂಗಳಾದರೆ ಕಾಯಿ. ಹೋಗುವುದು ಪೂಲಿನ ಮೇಲಿಂದ ಅಲ್ಲ, ನೀರಿನಲ್ಲಿ ನಡೆದು. ಅಂಬಿಗರ ಮನೆಯವರೊಬ್ಬರು ಮುಂದೆ. ಅವರು ಕಾಲಿಟ್ಟು ಎತ್ತಿದ ಜಾಗದಲ್ಲೇ ಹಿಂದಿನವರು ಕಾಲಿಡಬೇಕು. ಮುಂದಿನವರ ಹೆಜ್ಜೆ ಬೀಳುವ ತನಕ ಹಿಂದಿನವರ ಹೆಜ್ಜೆ ಏಳಬಾರದು.

"ಪೂಲಿನ ಮೇಲಿಂದ ಹೋದರೆ ಆಗುವುದಿಲ್ಲವೇ?" ಎಂದೆ.

"ಆಗ್ತದ್ರಿ" ಎಂದರು ಭೀಮಣ್ಣ. "ಆದ್ರ ಮತ್ತ ನಾ ಯಾಕ ಬೇಕು?"

ಕೋಲು ಹಿಡಿಯುತ್ತೀರಾ ಎಂದು ಕೇಳಿದೆ. ಕರಾವಳಿಯವನು ನಾನು, ಗೊತ್ತಿರುವ ಹೊಳೆಗೂ ಕೋಲು ಹಾಕಿ ನೋಡಿಯೇ ಇಳಿಯುವವರು ನಾವು.

"ಕೋಲು ಹಿಡೀಲಾಕ ನಾ ಏನು ಸಾಲಿ ಮಾಸ್ತರೇನ್ರಿ? ಹೊಳಿಗಿ ಪಾಠ ಹೇಳಬೇಕೇನು?" ಎಂದು ತಮ್ಮ ಪಾದ ಎತ್ತಿ ತೋರಿಸಿದರು. ಅಗಲ ಪಾದ, ಬೆರಳುಗಳು ಬಿಡಿ ಬಿಡಿ. "ಇದಕ್ಕ ಎಲ್ಲಾ ಗೊತ್ತದ."

ಶರಣಮ್ಮ ಬೇರೆ ಮಾತು ತೆಗೆದರು. ಮೊದಲು ಬೇಸಿಗೆಯಲ್ಲಿ ಹೊಳೆಯ ಮರಳಿನಲ್ಲಿ ಮೊಳದಷ್ಟು ತೋಡಿದರೆ ವರತಿಯ ನೀರು ಬರುತ್ತಿತ್ತು, ಬಟ್ಟಲಿನಿಂದ ತುಂಬಿ ಕೊಡ ಹೊತ್ತು ತರುತ್ತಿದ್ದರು. ಈಗ ತೋಡಿದರೆ ಕರಿ ಜೇಡಿ. ದಂಡೆಯ ಬಾವಿಗಳೂ ಒಣಗಿವೆ. ನದಿ ಪಕ್ಕದಲ್ಲಿ ಕೂತು ಕ್ಯಾನಿನ ನೀರು ಕುಡಿಯುತ್ತಾರೆ.

"ಸೊಸಿ ಬಂದ್ರ ನಡುಹೊಳ್ಯಾಗ ನಿಲ್ಲಿಸಿ ಒಂದು ಬಳಿ ಕೇಳ್ತಿದ್ರು" ಎಂದರು. "ಹಸಿರು ಬಳಿ ಒಂದು ತಗದು ಹೊಳಿಗಿ ಬಿಡಬೇಕು. ನಾ ಬಿಟ್ಟೀನಿ. ನಿಮ್ಮ ಚಾಚಿನೂ ಬಿಟ್ಟಾಳ. ಕೇಳಿದವರು ನಮ್ಮ ಮಾವನೇ."

ಹುಸೇನ್ ಸಾಬರ ಹೆಂಡತಿ ಖೈರೂನ್‌ಬಿ ಒಳಗಿನಿಂದಲೇ ಕೂಗಿದರು: "ಅಂವ ಎರಡು ಕೇಳಿದ್ದ! ನಾ ಕೊಡಲಿಲ್ಲ!"

ಬೆಳಿಗ್ಗೆ ನಾವು ದಂಡೆಗೆ ಹೋದೆವು. ಪೂಲಿನಿಂದ ಕೆಳಗೆ, ಊರವರು ಎಂದಿನಿಂದಲೂ ದಾಟುವ, ಮೊದಲು ಹರಗೋಲು ಹಾಕುತ್ತಿದ್ದ ಜಾಗ. ನೀರು ತಿಳಿಯಾಗಿರಲಿಲ್ಲ, ಆಳವೂ ಕಾಣುತ್ತಿರಲಿಲ್ಲ. ಆಚೆ ದಂಡೆಯ ಬಂಡೆಯ ಮೇಲೆ ನೀಲಮ್ಮ ಎಂಬ ಹೆಂಗಸು ಬಟ್ಟೆ ಒಗೆಯುತ್ತಿದ್ದಳು. ನಾನು ಈಚೆಗೆ ನಿಂತೆ. ಮಸ್ಕತ್ತಿನಲ್ಲಿ ಇಸ್ಮಾಯಿಲ್ ನೋಡಲು ಕಾಯುತ್ತಿದ್ದ, ಫೋನು ಅಲುಗಾಡಬಾರದಿತ್ತು. ಆ ದಿನ ನೆಟ್‌ವರ್ಕ್ ಚೆನ್ನಾಗಿತ್ತು.

ಭೀಮಣ್ಣ ಪಂಚೆ ಎತ್ತಿ ಕಟ್ಟಿ, ತಮ್ಮ ಲೆಕ್ಕದ ಒಂದು ಕಾಯಿ ಹಿಡಿದು ಇಳಿದರು. ಅವರ ಹಿಂದೆ ಹುಸೇನ್ ಸಾಬ್, ತಲೆಯ ಮೇಲೆ ತಟ್ಟೆ, ತಟ್ಟೆಯಲ್ಲಿ ಮಡಿಸಿದ ಹಸಿರು ಚಾದರ. ನೀರು ಮೊಣಕಾಲಿನ ಕೆಳಗಿತ್ತು. ಭೀಮಣ್ಣ ಅವಸರ ಮಾಡಲಿಲ್ಲ. ಪ್ರತಿ ಹೆಜ್ಜೆಗೂ ಪಾದವನ್ನು ಸ್ವಲ್ಪ ಉಜ್ಜಿ ಇಡುತ್ತಿದ್ದರು. ಒಮ್ಮೆ ತಿರುಗಿ, "ಇಸ್ಮಾಯಿಲಾ, ಕಾಣ್ತೀನೇನೋ? ನಿಮ್ಮಪ್ಪನ ಕಿವಿ ಅಲ್ಲ, ನಾ!" ಎಂದು ಕೂಗಿದರು. ಫೋನಿನಲ್ಲಿ ಇಸ್ಮಾಯಿಲ್ ನಕ್ಕ.

ನಡುಹೊಳೆಗೆ ಇನ್ನೂ ಸ್ವಲ್ಪ ಇರುವಾಗ ಅವರು ಬಲಗಾಲು ಮುಂದಿಟ್ಟರು. ಆ ಕಾಲು ನೆಲ ಮುಟ್ಟಲಿಲ್ಲ. ಅವರು 'ಅಯ್ಯೋ' ಅನ್ನಲಿಲ್ಲ, ಜಾರಲೂ ಇಲ್ಲ. ಮೆಟ್ಟಿಲಿದೆ ಎಂದು ಕಾಲಿಟ್ಟವರು ಇಳಿದ ಹಾಗೆ ನೇರವಾಗಿ ಇಳಿದರು. ಕಾಯಿ ತೇಲಿತು.

ಅವರಿಗೆ ಈಜು ಬರುತ್ತಿತ್ತು. ಮೇಲೆ ಬಂದರು. ಕೆಳಗೆ ಗುಂಡಿಯಿತ್ತು, ಅದರ ಅಂಚು ಹಿಡಿದರು. ಅಂಚು ಮರಳು, ಕೈಯಲ್ಲಿ ಕುಸಿಯಿತು. ಮತ್ತೆ ಹಿಡಿದರು, ಮತ್ತೆ ಕುಸಿಯಿತು. ಪ್ರತಿ ಸಲವೂ ಮೇಲಿನ ಮರಳು ಅವರ ಮೈಮೇಲೇ ಬಂತು. ನಾನು ಫೋನು ಬಂಡೆಯ ಮೇಲೆ ಎಸೆದು ನೀರಿಗೆ ಬಿದ್ದೆ. ಸಮುದ್ರದಲ್ಲಿ ಈಜು ಕಲಿತವನು ನಾನು. ಆದರೆ ಕಾಲಿಟ್ಟಲ್ಲೆಲ್ಲ ನೆಲ ಕರಗುವ ಜಾಗದಲ್ಲಿ ಅದು ಕೆಲಸಕ್ಕೆ ಬರಲಿಲ್ಲ. ಒಂದು ಸಲ ಅವರ ಮಣಿಕಟ್ಟು ನನ್ನ ಕೈಗೆ ಸಿಕ್ಕಿತ್ತು. ಉಳಿಯಲಿಲ್ಲ.

ನೀಲಮ್ಮ ಕಿರುಚುತ್ತಿದ್ದಳು. ಹೊಲದಿಂದ ಜನ ಹಗ್ಗ ತಂದರು. ಅವರು ಬರುವ ಹೊತ್ತಿಗೆ ನೀರು ಸುಮ್ಮನಾಗಿತ್ತು.

ಹುಸೇನ್ ಸಾಬ್ ಅಷ್ಟು ಹೊತ್ತೂ ಅಲ್ಲೇ ನಿಂತಿದ್ದರು, ಗುಂಡಿಗೆ ಒಂದು ಹೆಜ್ಜೆ ಈಚೆಗೆ, ತಲೆಯ ಮೇಲೆ ತಟ್ಟೆ. ಮುಂದಿನ ಹೆಜ್ಜೆ ಬೀಳುವ ತನಕ ಹಿಂದಿನದು ಏಳಬಾರದು. ಆ ಕಟ್ಟಳೆಯೇ ಅವರನ್ನು ಉಳಿಸಿತು.

ಫೋನು ಆಕಾಶ ನೋಡುತ್ತಾ ಬಿದ್ದಿತ್ತು. ಇಸ್ಮಾಯಿಲ್, "ಅಬ್ಬಾ! ಅಬ್ಬಾ!" ಎನ್ನುತ್ತಲೇ ಇದ್ದ.

ಸೇಡಂ

ಸೇಡಂನ ಒಂದು ಕಚೇರಿಯಲ್ಲಿ ನಮ್ಮ ಹೇಳಿಕೆ ತೆಗೆದುಕೊಂಡರು. ಅಧಿಕಾರಿ ಸಭ್ಯರು, ಛಾ ತರಿಸಿದರು. ನಾನು ಎಲ್ಲಿ ನಿಂತಿದ್ದೆ ಎಂದು ಕೇಳಿದ್ದು ಇಲ್ಲೇ.

"ಗುಂಡಿ ಇತ್ತಂತೀರಿ. ನೀರಿನ ಒಳಗ ನಿಮಗ ಕಂಡಿತ್ತೇನು?"

"ಇಲ್ಲ. ಕಾಣುವಂತಿದ್ದರೆ ಅವರು ಬೀಳುತ್ತಿರಲಿಲ್ಲ."

"ಅಂದ್ರ ಕಂಡಿಲ್ಲ" ಎಂದು ಅವರು ಬರೆಸಿದರು. ತಪ್ಪೇನೂ ಬರೆಸಲಿಲ್ಲ. "ಹೊಳಿ ತಳ ತಾನಾಗೇ ಬದಲಾಗ್ತದ್ರಿ. ವಯಸ್ಸಾದ ಮನಷ್ಯಾ. ಕಣ್ಣು ಮಂಜು ಇರಬೇಕು, ದಾರಿ ಜರಾ ಆಕಡಿ ಈಕಡಿ ಆಗಿರಬೇಕು."

ಆಮೇಲೆ ಹುಸೇನ್ ಸಾಬರ ಸರದಿ. ಆ ಜಾಗದಲ್ಲಿ ಯಾರಾದರೂ ಮರಳು ತೆಗೆದದ್ದು ಗೊತ್ತೇ ಎಂದು ಕೇಳಿದರು. ಹುಸೇನ್ ಸಾಬ್ ಟೋಪಿ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡರು. ಅವರ ಅಂಗಳದ ಬಣವೆ ನನ್ನ ಕಣ್ಣ ಮುಂದೆ ಬಂತು, ಅವರ ಕಣ್ಣ ಮುಂದೆಯೂ ಬಂದಿರಬೇಕು.

"ನನಗ ಗೊತ್ತಿಲ್ರಿ" ಎಂದರು.

ಊರಿಗೆ ಅಷ್ಟು ಸಾಕಾಯಿತು. ಅಂಗಳದಲ್ಲಿ ಅಂಥ ಬಣವೆ ಇದ್ದ ಯಾರಿಗೂ ಗುಂಡಿಯ ಮಾತು ಬೇಕಿರಲಿಲ್ಲ. ಭೀಮಣ್ಣ ದಾರಿ ತಪ್ಪಿದ ಎಂಬ ಮಾತು ಸಲೀಸಾಗಿ ಹರಡಿತು. ಕಣ್ಣು ಹೋಗಿತ್ತು ಅಂದರು. ಅಂಬಿಗ ಅಂತ ಜಂಬ ಇತ್ತು, ಕೋಲು ಹಿಡಿಯಲಿಲ್ಲ ಅಂದರು. ಕುಡಿದಿರಬೇಕು ಎಂದೂ ಒಬ್ಬ ಅಂದ. ಶರಣಮ್ಮ ಇದನ್ನೆಲ್ಲ ಕೇಳಿದರು. ಹುಸೇನ್ ಸಾಬರ ಬಾಗಿಲಿಗೆ ಬಂದು, ಒಳಗೆ ಬರದೆ, ಹೊಸ್ತಿಲ ಆಚೆಯಿಂದ ಹೇಳಿದರು:

"ಹುಸೇನಣ್ಣ, ಊರು ಏನರೆ ಅನ್ನಲಿ. ನೀನು ಅವನ ಹಿಂದೇ ಇದ್ದಿ."

ಶರಣಮ್ಮ ಆ ದಿನವೇ ಮಗಳ ಮನೆಗೆ, ಚಿಂಚೋಳಿಗೆ ಹೊರಟು ಹೋದರು.

ಸ್ಲ್ಯಾಬಿನ ಕೆಲಸ ನಿಲ್ಲಿಸೋಣವೇ ಎಂದು ಯಾರೂ ಬಾಯಿ ಬಿಟ್ಟು ಕೇಳಲಿಲ್ಲ. ಬೇರೆ ಊರಿನ ಗೌಂಡಿ ಬಂದ, ಜರಡಿ ಹಾಕಿದ. ಮೇಲಿನ ತೊಗರಿ ಕಟ್ಟಿಗೆ ಪಕ್ಕಕ್ಕೆ ಹೋಯಿತು. ಮರಳು ಜರಡಿಯಿಂದ ಕೆಳಗೆ ಬೀಳುತ್ತಿತ್ತು, ಕಲ್ಲು, ಕಪ್ಪೆಚಿಪ್ಪು ಮೇಲೆ ಉಳಿಯುತ್ತಿದ್ದವು. ಗೌಂಡಿ ಉಳಿದದ್ದನ್ನು ಗೋಡೆಯ ಬುಡಕ್ಕೆ ಸುರಿಯುತ್ತಿದ್ದ. ಖೈರೂನ್‌ಬಿ ಅವನಿಗೆ ನೀರು ಕೊಡಲು ಹೋದವರು ಅಲ್ಲೇ ಕೂತುಬಿಟ್ಟರು.

ನಾನೂ ಹೋಗಿ ನೋಡಿದೆ. ಕಲ್ಲುಗಳ ನಡುವೆ ಗಾಜಿನ ಚೂರುಗಳು. ಹಸಿರು. ಕೆಲವು ನೀರಿಗೆ ಉಜ್ಜಿ ಮಂಕಾಗಿದ್ದವು, ಕೆಲವು ಬಳೆಯ ಬಾಗು ಇನ್ನೂ ಉಳಿಸಿಕೊಂಡಿದ್ದವು. ಗೌಂಡಿ, "ಮ್ಯಾಲಿನ ಉಸುಕಿನಾಗ ಗಾಜು ಬರ್ತದ, ಚಿಂತಿಲ್ಲ, ಆರಿಸಿ ತಗೀತೀನಿ" ಅಂದ.

ಚಿಂಚೋಳಿಯ ಹೊಳೆಗೆ ಯಾರೂ ಬಳೆ ಬಿಟ್ಟಿರಲಿಲ್ಲ.

ಖೈರೂನ್‌ಬಿ ಅಳಲಿಲ್ಲ. ಸೆರಗಿನಲ್ಲಿ ಚೂರುಗಳನ್ನು ಆರಿಸಿಕೊಂಡು ಗಂಡನ ಮುಂದೆ ತಂದು ಸುರಿದರು. "ಇದರಾಗ ನಂದೂ ಅದ" ಎಂದರು. "ಇದನ್ನ ನನ್ನ ತಲಿ ಮ್ಯಾಲ ಹಾಕ್ತೀರೇನು?"

ಅಂದು ಸಂಜೆ ಹುಸೇನ್ ಸಾಬ್ ಮಗನಿಗೆ ಫೋನು ಮಾಡಿಸಿದರು. ನಾನು ಹಿಡಿಯಲು ಹೋದರೆ ಬೇಡವೆಂದು ತಾವೇ ಹಿಡಿದರು. ಇಸ್ಮಾಯಿಲನಿಗೆ ಕಂಡದ್ದು ಬರೀ ಕಿವಿಯೇ ಇರಬೇಕು. ಅವನು ಬಹಳ ಹೊತ್ತು ಕೇಳಿ, "ಹೇಳಿಬಿಡ್ರಿ ಅಬ್ಬಾ. ಮನಿ ಹೋದ್ರ ಹೋಗಲಿ. ನಾನೂ ನೋಡೀನಿ" ಎಂದ.

ಚಿಂಚೋಳಿ

ಚಿಂಚೋಳಿಯ ಬಸ್ಸಿನಲ್ಲಿ ಹುಸೇನ್ ಸಾಬ್ ದಾರಿಯುದ್ದಕ್ಕೂ ಮಾತಾಡಲಿಲ್ಲ. ಪಕ್ಕದಲ್ಲಿ ಕೂತವರು ಮಾತ್ರ ಅವರ ಮಡಿಲಿನ ಗಂಟು ನೋಡಿ, ಏನದು, ಬೆಲ್ಲವೇ, ಎಲ್ಲಿಗೆ, ಯಾರ ಮದುವೆ ಎಂದು ಊರು ಬರುವ ತನಕ ವಿಚಾರಿಸಿದರು. ಮಸ್ಕತ್ತಿನ ಬಸ್ಸಿನಲ್ಲಿ ಪಕ್ಕದವನು ಸತ್ತರೂ ಇಳಿಯುವ ಜಾಗದಲ್ಲಿ ಇಳಿಯಬಹುದು. ಇಲ್ಲಿ ಗಂಟು ಹೊತ್ತು ಸುಮ್ಮನಿರುವುದು ಅಸಾಧ್ಯ. ಕೊನೆಗೆ ನಾನೇ, ಬಳೆ ಎಂದೆ. ಆಗ ಬಸ್ಸು ಸಂತೋಷಪಟ್ಟಿತು.

ಬಸ್ ನಿಲ್ದಾಣದಲ್ಲಿ ಅಭ್ಯಾಸ ಬಲದಿಂದ ಛಾ ಅಂಗಡಿಯವನನ್ನು ಮರಳು ಎಲ್ಲಿಯದು ಎಂದು ಕೇಳಿದೆ. "ನಮ್ಮದಲ್ರಿ" ಎಂದ. "ಆಂಧ್ರದ ಕಡಿಂದ ಬರ್ತದ." ಆಂಧ್ರ ಅಲ್ಲಿಂದ ಸರಿದು ಎಷ್ಟೋ ವರ್ಷವಾಗಿದೆ. ಗಡಿಯ ಆಚೆಗಿರುವುದು ಈಗ ತೆಲಂಗಾಣ. ಅಲ್ಲಿಯವರೂ ಇನ್ನೂ ಮೇಲಕ್ಕೆ ಕೈ ತೋರಿಸುತ್ತಿರಬೇಕು.

ಶರಣಮ್ಮನ ಮಗಳು ಕಸ್ತೂರಿಯ ಮನೆ ಊರಿನ ಅಂಚಿನಲ್ಲಿತ್ತು. ಬಂಧುಗಳು ಇದ್ದರು. ಹುಸೇನ್ ಸಾಬ್ ಕುರ್ಚಿ ಕೊಟ್ಟರೂ ಕೂರಲಿಲ್ಲ. ನೆಲದ ಮೇಲೆ ಕೂತು, ಗಂಟು ಬಿಚ್ಚಿ, ಚೂರುಗಳನ್ನು ಶರಣಮ್ಮನ ಮುಂದೆ ಸುರಿದರು. ಶರಣಮ್ಮ ಬೆರಳಿನಿಂದ ಒಂದೊಂದನ್ನೇ ಸರಿಸಿ ನೋಡಿದರು. ಯಾವುದು ತಮ್ಮದೆಂದು ಹುಡುಕುತ್ತಿದ್ದಾರೆ ಅನ್ನಿಸಿತು. ಒಡೆದ ಗಾಜಿನಲ್ಲಿ ಅದು ತಿಳಿಯುವುದಿಲ್ಲ.

"ಎಲ್ಲಿ ಸಿಕ್ಕಾವ?" ಎಂದರು.

"ನನ್ನ ಅಂಗಳದಾಗ." ಹುಸೇನ್ ಸಾಬ್ ಅಲ್ಲಿದ್ದವರೆಲ್ಲರ ಮುಖ ನೋಡಿ ಹೇಳಿದರು: "ಭೀಮ್ಯಾ ದಾರಿ ತಪ್ಪಿಲ್ಲವ್ವ. ಅಂವ ಯಾವಾಗ್ಲೂ ಇಡೋ ಜಾಗದಾಗೇ ಕಾಲಿಟ್ಟ. ದಾರಿ ಅಲ್ಲಿರಲಿಲ್ಲ. ದಾರಿ ನನ್ನ ಅಂಗಳದಾಗ ಬಿದ್ದಿತ್ತು."

ಕಸ್ತೂರಿ ಬಾಯಿಗೆ ಸೆರಗು ಒತ್ತಿಕೊಂಡಳು. ಶರಣಮ್ಮ ಚೂರುಗಳನ್ನು ಒಟ್ಟು ಮಾಡಿ ಮತ್ತೆ ಬಟ್ಟೆಗೆ ಹಾಕಿದರು.

"ಇದನ್ನ ಕಚೇರ್ಯಾಗೂ ಹೇಳ್ತಿಯೇನು?"

"ಹೇಳ್ತೀನಿ."

"ಉಸುಕು ಒಯ್ತಾರ. ಹುಡುಗನ ಮನಿ ನಿಲ್ತದ."

"ನಿಲ್ಲಲಿ."

ಆಮೇಲೆ ಶರಣಮ್ಮ ನನ್ನ ಕಡೆ ತಿರುಗಿದರು. "ನೀವು ದೂರದವರು. ನಿಮಗ ಬಣವೆನೂ ಇಲ್ಲ, ಅಂಗಳನೂ ಇಲ್ಲ. ಕಂಡದ್ದು ಕಂಡಂಗ ಬರೀರಿ. ಹೆಚ್ಚು ಬ್ಯಾಡ, ಕಡಿಮಿ ಬ್ಯಾಡ."

ಹುಸೇನ್ ಸಾಬ್ ಮಾತಿನಂತೆ ಹೋಗಿ ಹೇಳಿದರು. ಅವರ ಅಂಗಳದ ಮರಳನ್ನು ಒಯ್ದರು. ಉಳಿದ ಅಂಗಳಗಳ ಬಣವೆಗಳು ಹಾಗೇ ಇವೆ. ಅವು ತೊಗರಿ ಕಟ್ಟಿಗೆಯ ಬಣವೆಗಳು ಎಂದೇ ಎಲ್ಲರೂ ಹೇಳುತ್ತಾರೆ. ವಿಚಾರಣೆ ನಡೆಯುತ್ತಿದೆಯಂತೆ. ಇಸ್ಮಾಯಿಲನ ಮನೆಗೆ ಗೋಡೆಯಿದೆ, ಮೇಲೆ ಆಕಾಶವಿದೆ.

ನಾನು ಕಂಡದ್ದು ಇಷ್ಟು: ಆ ಗುರುವಾರ ಅಂಬಿಗರ ಭೀಮಣ್ಣ ಕುಡಿದಿರಲಿಲ್ಲ, ಅವಸರ ಮಾಡಲಿಲ್ಲ, ಜಾರಲಿಲ್ಲ, ದಾರಿ ತಪ್ಪಲಿಲ್ಲ. ಒಂದು ಹೆಜ್ಜೆ ಹಿಂದಿನಿಂದ ಇದನ್ನು ಹುಸೇನ್ ಸಾಬ್ ಕಂಡರು, ಬದುಕಿದ್ದಾರೆ. ಆಚೆ ದಂಡೆಯ ಬಂಡೆಯಿಂದ ನೀಲಮ್ಮ ಕಂಡಳು; ಬದುಕಿದ್ದಾಳೆ, ಈಗ ಹೊಳೆಗೆ ಬಟ್ಟೆ ಒಯ್ಯುವುದಿಲ್ಲ. ಸಮುದ್ರದ ಆಚೆಯಿಂದ ಇಸ್ಮಾಯಿಲ್ ಕಂಡ, ಬದುಕಿದ್ದಾನೆ. ಬೇವಿನ ಮರದ ಕೆಳಗಿನಿಂದ ನಾನು ಕಂಡೆ. ಏನು ಕಂಡೆ ಎಂದು ಇನ್ನೂ ಯಾರೂ ನೀಲಮ್ಮನನ್ನು ಕೇಳಿಲ್ಲ.